ಭೀಮಾತೀರದ ಹಣೆಪಟ್ಟಿ ಮತ್ತು ರವಿ ಬೆಳಗೆರೆ

ವಿಜಯಪುರ: ತನಿಖಾ ಪತ್ರಕರ್ತ, ಕಿರುತೆರೆ ನಿರೂಪಕ ರವಿ ಬೆಳಗೆರೆ 2020ರ ನವೆಂಬರ್ 13ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 62 ವರ್ಷ. ಬಳ್ಳಾರಿಯಲ್ಲಿ ಹುಟ್ಟಿದ ಈ ಬರಹಗಾರನ ನೆನಪು ವಿಜಯಪುರ ಜಿಲ್ಲೆಯಲ್ಲಿ ಬೇರೆಯೇ ಬಗೆಯದು. 'ಭೀಮಾತೀರದ ಹಂತಕರು' ಪುಸ್ತಕವೇ ಅದಕ್ಕೆ ಕಾರಣ.

ಇತಿಹಾಸದ ಉಪನ್ಯಾಸಕರಾಗಿದ್ದ ಬೆಳಗೆರೆ 1995ರಲ್ಲಿ 'ಹಾಯ್ ಬೆಂಗಳೂರ್!' ವಾರಪತ್ರಿಕೆ ಆರಂಭಿಸಿದರು. ಲಂಕೇಶರು 1980ರಲ್ಲಿ ಟ್ಯಾಬ್ಲಾಯ್ಡ್‌ಗೆ ರಾಜಕೀಯ, ಸಾಹಿತ್ಯದ ಗಾಂಭೀರ್ಯ ತಂದಿದ್ದರೆ, ಬೆಳಗೆರೆ ಭೂಗತ ಲೋಕವನ್ನು ಅದರ ಕೇಂದ್ರಕ್ಕೆ ತಂದರು. ಮುಂದೆ ಈಟಿವಿ ಕನ್ನಡದ 'ಕ್ರೈಂ ಡೈರಿ' ಅವರ ದನಿಯನ್ನು ಓದುವ ಹವ್ಯಾಸವಿಲ್ಲದ ಮನೆಗಳಿಗೂ ಮುಟ್ಟಿಸಿತು. ಅಪರಾಧ ಸುದ್ದಿಯು ಠಾಣೆಯ ಪ್ರಕಟಣೆಯಾಗಿ ಉಳಿಯದೆ ಕಥೆಯಾಯಿತು. ಹೇಳುವವನೇ ಸುದ್ದಿಗಿಂತ ದೊಡ್ಡವನಾದ.

ಇದರ ಲಾಭ ನಷ್ಟ ಎರಡನ್ನೂ ಗಡಿ ಜಿಲ್ಲೆ ಕಂಡಿದೆ. ರಾಜಧಾನಿಯ ಪತ್ರಿಕೆಗಳು ಮೂಲೆಯ ಸುದ್ದಿಯಾಗಿಸಿದ್ದ ಹಗೆತನ, ನಾಡಪಿಸ್ತೂಲು, ಸುಪಾರಿಯ ಸಂಗತಿಗಳು ರಾಜ್ಯಕ್ಕೆಲ್ಲ ತಿಳಿದವು. ಆದರೆ ಆ ಹೆಸರು ಹಣೆಪಟ್ಟಿಯಾಗಿ ಅಂಟಿಕೊಂಡಿತು. ಭೀಮಾ ಹರಿಯುವುದು ಜಿಲ್ಲೆಯ ಉತ್ತರದ ಅಂಚಿನಲ್ಲಿ. ಘೋಣಸಗಿ ಇರುವುದು ಪಶ್ಚಿಮದ ತಿಕೋಟಾ ತಾಲೂಕಿನಲ್ಲಿ. ಹಾಗಿದ್ದರೂ ಜಿಲ್ಲೆಯ ಎಲ್ಲಿಯೇ ಕೊಲೆಯಾಗಲಿ, ಸುದ್ದಿವಾಹಿನಿಗಳಿಗೆ ಅದು 'ಭೀಮಾತೀರ'ವೇ. ಕುಡಿಯುವ ನೀರು, ಶಾಲೆ, ಬೆಳೆ ನಷ್ಟದಂಥ ಹಳ್ಳಿಯ ಪ್ರಶ್ನೆಗಳಿಗೆ ಅಂಥ ಆಕರ್ಷಕ ಶೀರ್ಷಿಕೆ ಸಿಗಲಿಲ್ಲ.

ವಿಧಿಯ ವ್ಯಂಗ್ಯ ಎದುರಾದದ್ದು 2017ರಲ್ಲಿ. ಆ ಜೂನ್‌ನಲ್ಲಿ ಶಾಸಕರ ವಿರುದ್ಧದ ಬರಹಗಳಿಗಾಗಿ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಬೆಳಗೆರೆಯವರಿಗೆ ಒಂದು ವರ್ಷ ಜೈಲು ಶಿಕ್ಷೆ ವಿಧಿಸಿತು. ದೂರುದಾರರು ಮತ್ತು ತೀರ್ಪುಗಾರರು ಒಂದೇ ಸದನದವರಾಗಬಹುದೇ ಎಂಬ ಪ್ರಶ್ನೆ ಆಗ ಎದ್ದಿತು. ಡಿಸೆಂಬರ್‌ನಲ್ಲಿ, ಮಾಜಿ ಸಹೋದ್ಯೋಗಿಯ ಹತ್ಯೆಗೆ ಸುಪಾರಿ ನೀಡಿದ ಆರೋಪದ ಮೇಲೆ ಸಿಸಿಬಿ ಪೊಲೀಸರು ಅವರನ್ನು ಬಂಧಿಸಿದರು. ಅಕ್ರಮ ಪಿಸ್ತೂಲಿನ ಜಾಡು ಹಿಡಿದಾಗ ಸಿಕ್ಕ ವಿಜಯಪುರ ಜಿಲ್ಲೆಯ ವ್ಯಕ್ತಿಯಿಂದ ಈ ಸುಳಿವು ದೊರೆಯಿತೆಂದು ಪೊಲೀಸರು ಹೇಳಿದರು. ಬೆಳಗೆರೆ ಆರೋಪವನ್ನು ನಿರಾಕರಿಸಿದರು. ಜಾಮೀನಿನ ಮೇಲೆ ಹೊರಬಂದರು. ಆರೋಪ ಸಾಬೀತಾಗುವ ಮುನ್ನವೇ ಅವರು ನಿಧನರಾದರು. ಆರೋಪಿಯ ಸಾವಿನೊಂದಿಗೆ ಕಾನೂನು ಸುಮ್ಮನಾಗುತ್ತದೆ. ಆದ್ದರಿಂದ ಅವರನ್ನು ಅಪರಾಧಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಬಂಧನದ ದಿನಗಳಲ್ಲಿ ವಾಹಿನಿಗಳು ಅವರ ಬಗ್ಗೆ ಮಾತನಾಡಿದ್ದು 'ಕ್ರೈಂ ಡೈರಿ'ಯ ಧಾಟಿಯಲ್ಲೇ. ನ್ಯಾಯಾಲಯಕ್ಕಿಂತ ಮೊದಲು ತೀರ್ಪು ನೀಡುವ ಆ ಧಾಟಿ ಕೊನೆಗೆ ಅದರ ಜನಪ್ರಿಯ ನಿರೂಪಕನನ್ನೂ ಬಿಡಲಿಲ್ಲ. ಅದೇ ಧಾಟಿಯ ಹೊರೆಯನ್ನು ಒಂದು ಜಿಲ್ಲೆ ಇಂದಿಗೂ ಹೊತ್ತಿದೆ.