ಪೋರ್ಟೊ ನಗರದ ಅಗ್ಗದ ಬದುಕು: ಲೆಕ್ಕ ಹಾಕಬೇಕಾದ ಬಗೆ

ಯುರೋಪಿನ ದುಬಾರಿ ರಾಜಧಾನಿಗಳಿಗಿಂತ ಕಡಿಮೆ ವೆಚ್ಚದಲ್ಲಿ ಬದುಕಬಹುದಾದ ಬಂದರು ನಗರವೆಂದು ಪೋರ್ಚುಗಲ್‌ನ ಪೋರ್ಟೊ ಹೆಸರು ಪಡೆದಿದೆ. ಬಾಗಲಕೋಟೆ, ಬಾದಾಮಿ, ಹುನಗುಂದಗಳ ತಾಂತ್ರಿಕ ಪದವೀಧರರ ದೃಷ್ಟಿ ಅತ್ತ ಹರಿದರೆ ಆಶ್ಚರ್ಯವಿಲ್ಲ. ಆದರೆ 'ಅಗ್ಗ' ಎಂಬ ಮಾತನ್ನು ವ್ಯಾಪಾರಿಯ ತಕ್ಕಡಿಯಲ್ಲಿ ತೂಗಿ ನೋಡುವುದು ಅವಶ್ಯ.

ಖರ್ಚು ಕಡಿಮೆ ಇರುವ ಊರಿನಲ್ಲಿ ಸಂಬಳವೂ ಕಡಿಮೆಯೇ. ಪೋರ್ಚುಗಲ್‌ನಲ್ಲಿ 2025ರ ಕನಿಷ್ಠ ಮಾಸಿಕ ವೇತನ 870 ಯೂರೊ ಇತ್ತು. ಸಾಮಾಜಿಕ ಭದ್ರತೆಯ ಶೇ. 11 ಕಳೆದರೆ ಕೈಗೆ ಬರುವುದು ಸುಮಾರು 774 ಯೂರೊ. ಪ್ರವಾಸಿಗರ ದಟ್ಟಣೆಯಿಂದ ನಗರದ ಬಾಡಿಗೆಯೂ ಏರಿದೆ. ಪ್ರವಾಸಿಯಾಗಿ ಹೋಗಿ, ಅಲ್ಲಿ ಕೆಲಸ ಹಿಡಿದು, ಬಳಿಕ ವಾಸದ ಪರವಾನಗಿ ಕೋರುವ ಅವಕಾಶವನ್ನು ಆ ದೇಶ 2024ರ ಜೂನ್‌ನಲ್ಲಿ ರದ್ದುಪಡಿಸಿತು. ಈಗಲೂ ಅದೇ ದಾರಿ ತೋರಿಸುವ ಮಧ್ಯವರ್ತಿಗಳನ್ನು ನಂಬಿ ಹೊಲ ಅಡವಿಟ್ಟವರಿಗೆ ಹೊಲವೂ ಇಲ್ಲ, ನೌಕರಿಯೂ ಇಲ್ಲ ಎಂಬ ಸ್ಥಿತಿ ಒದಗೀತು.

ಹಾಗೆಂದು ಪೋರ್ಟೊ ಈ ಜಿಲ್ಲೆಗೆ ಸಲ್ಲದ ಊರಲ್ಲ. ಅದು ಗ್ರಾನೈಟ್ ಕಲ್ಲಿನಿಂದ ಕಟ್ಟಿದ ನಗರ. ಸಮೀಪದ ಗಿಮರೈನ್ಸ್, ಫಮಲಿಕಾವ್ ಪಟ್ಟಣಗಳು ಜವಳಿಯ ಕೇಂದ್ರಗಳು. ಪಕ್ಕದಲ್ಲೇ ಲೈಶೋಯಿಂಶ್ ಬಂದರು. ಇತ್ತ ಇಳಕಲ್ಲಿನ ಹೆಸರು ನಿಂತಿರುವುದೂ ಕೆಂಪು ಗ್ರಾನೈಟ್ ಮತ್ತು ಸೀರೆಗಳ ಮೇಲೆಯೇ. ಕಲ್ಲಿನ ದರ್ಜೆ ಬಲ್ಲವನು, ನೂಲಿನ ಗುಣ ಬಲ್ಲವಳು ಅಲ್ಲಿಗೆ ಬರಿಯ ಉದ್ಯೋಗಾಕಾಂಕ್ಷಿಯಾಗಿ ಹೋಗಬೇಕಿಲ್ಲ; ಇಲ್ಲಿಯ ಉದ್ದಿಮೆಯ ಪ್ರತಿನಿಧಿಯಾಗಿ ಹೋಗಬಹುದು.

ಇದಕ್ಕೆ ಅನುಕೂಲವೂ ಇದೆ. ಭಾರತ–ಪೋರ್ಚುಗಲ್ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 8ರಿಂದ ಜಾರಿಯಲ್ಲಿದೆ. ಭಾರತದ ಸಂಸ್ಥೆಯೊಂದು ತನ್ನ ನೌಕರನನ್ನು ಕಳುಹಿಸುವಾಗ ಭವಿಷ್ಯನಿಧಿ ಸಂಘಟನೆಯಿಂದ ಪ್ರಮಾಣಪತ್ರ ಪಡೆದರೆ, ನಿಗದಿತ ಅವಧಿಯವರೆಗೆ ಎರಡೂ ದೇಶಗಳಲ್ಲಿ ವಂತಿಗೆ ಕಟ್ಟುವ ಹೊರೆ ತಪ್ಪುತ್ತದೆ. ವೀಸಾ ಮಾತ್ರ ಮುಂಚಿತವಾಗಿಯೇ ಪಡೆಯಬೇಕು.

ಒಬ್ಬ ನೇಕಾರನಿಗೆ ಅಥವಾ ಸಣ್ಣ ಕ್ವಾರಿ ಮಾಲೀಕನಿಗೆ ಇಷ್ಟು ವೆಚ್ಚ ಭಾರವೆಂಬ ಆಕ್ಷೇಪ ನಿಜ. ಆದುದರಿಂದ ಹಲವರು ಕೂಡಿ ಒಂದು ಕಂಪನಿ ಕಟ್ಟಿ, ಒಬ್ಬ ಸಮರ್ಥ ಪದವೀಧರನನ್ನು ಎರಡು ವರ್ಷದ ಮಟ್ಟಿಗೆ ಕಳುಹಿಸಿ ನೋಡುವುದು ಲೇಸು. ಪ್ರಯತ್ನ ಫಲಿಸದಿದ್ದರೂ ಅವನಿಗೆ ಮರಳಿ ಬರಲು ನೌಕರಿ ಇರುತ್ತದೆ.

ಆಲಮಟ್ಟಿ ಹಿನ್ನೀರಿನಿಂದಾಗಿ ನವನಗರಕ್ಕೆ ಸ್ಥಳಾಂತರಗೊಂಡ ಬಾಗಲಕೋಟೆಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಊರಿನಲ್ಲಿ ಸೂರು ಸಿಕ್ಕ ಮಾತ್ರಕ್ಕೆ ವ್ಯಾಪಾರ ಕುದುರದು, ಗಿರಾಕಿ ಸಿಗಬೇಕು.