ಬಡವರ ಗಿಯರ್ ಸೈಕಲ್ಲು

ಕಲಾ ವಿಭಾಗದ ವಿದ್ಯಾರ್ಥಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವದೆಂದರೆ ರನ್ನನ ಗದಾಯುದ್ಧವನ್ನೋ ಊರ ಕಡೆಯ ಜನಪದ ಹಾಡನ್ನೋ ಎತ್ತಿಕೊಳ್ಳುವದು ವಾಡಿಕೆ. ಮುಧೋಳ ಸೀಮೆಯ ಆ ಕವಿಯನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾನು ಮಾತ್ರ ಈ ಸಲ ಸೈಕಲ್ಲಿನ ಗಿಯರಿನ ಮಾತು ಆಡಲು ಹೊರಟಿದ್ದೇನೆ. ಗುರುಗಳು ಮನ್ನಿಸಬೇಕು. ವಿಷಯ ಸಣ್ಣದೆಂದು ತೋರಬಹುದು. ಆದರೆ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸೈಕಲ್ ಶರ್ಯತ್ತನ್ನೇ ಬಿಟ್ಟದ್ದು ಇದೇ ವಿಷಯದಿಂದ. ಆ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ.

ನಮ್ಮ ಸೀಮೆಗೂ ಸೈಕಲ್ಲಿಗೂ ಇರುವ ನಂಟು ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ಜಾತ್ರೆಗಳಲ್ಲಿ ಕುಸ್ತಿಯ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುವದುಂಟು. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ನಿಲಯಗಳಲ್ಲಿ ಬೆಳೆದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ತಂದಿದ್ದಾರೆ. 2006–07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳ ಕೈಗೆ ಮೊದಲ ಬಾರಿ ತಮ್ಮದೇ ಎಂಬ ವಾಹನ ಬಂತು.

ಅಂಥದೊಂದು ಸೈಕಲ್ಲಿನ ಮೇಲೆಯೇ ಬೀಳಗಿ ಕಡೆಯ ನಮ್ಮ ಈ ಗೆಳತಿ ಬಲಿತವಳು. ಆಷಾಢದಲ್ಲಿ ಬೀಳಗಿಯಿಂದ ಜಮಖಂಡಿಯತ್ತ ಬರುವವರಿಗೆ ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ಆ ಗಾಳಿಯನ್ನು ಸೀಳಿಕೊಂಡು ಸಾದಾ ಸೈಕಲ್ಲಿನ ಮೇಲೆ ಆಕೆ ಬರುವದನ್ನು ನಾನೇ ಕಂಡಿದ್ದೇನೆ. ಕಳೆದ ವರ್ಷ ಅಂತರಕಾಲೇಜು ಸ್ಪರ್ಧೆಗೆ ಹೆಸರು ಕೊಡಬೇಕೆಂದು ಆಕೆ ನನ್ನನ್ನು ಕೇಳಿದಳು. ನಾನು ಸೈಕಲ್ಲು ಬಲ್ಲವನೆಂಬ ಗರ್ವದಿಂದ ಹೇಳಿದೆ: “ಅಕ್ಕಾರ, ಈಗಿನ ಶರ್ಯತ್ತಿಗೆ ಲಕ್ಷ ರೂಪಾಯಿ ಸೈಕಲ್ಲು ಬೇಕು. ಡಿಸ್ಕ್ ಬ್ರೇಕು, ಬ್ಯಾಟರಿ ಗಿಯರು. ನಮ್ಮಂಥವರಿಗಲ್ಲ ಬಿಡ್ರಿ.” ಆಕೆ ಏನೂ ಅನ್ನಲಿಲ್ಲ. ಹೆಸರನ್ನೂ ಕೊಡಲಿಲ್ಲ.

ನಾನು ಆಡಿದ ಮಾತು ಸುಳ್ಳು ಎಂಬದನ್ನು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ಗಿಯರು ಮಾಡುವ ಕೆಲಸವೇನು ನೋಡೋಣ. ಸಾದಾ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ, ಪೈಡಲ್ಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು 5.4 ಮೀಟರು ಹೋಗುತ್ತದೆ. ಗಾಳಿ ಎದುರಿದ್ದರೂ ಅಷ್ಟೇ, ಹಿಂದಿದ್ದರೂ ಅಷ್ಟೇ. ರಸ್ತೆ ಶರ್ಯತ್ತಿನ ಸೈಕಲ್ಲಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲಿನವರೆಗೆ ಎಂಟು ಚಕ್ರ ಇದ್ದರೆ, ಅದೇ ಒಂದು ಸುತ್ತಿಗೆ 2.2 ಮೀಟರಿನಿಂದ 9.5 ಮೀಟರಿನವರೆಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಗಿಯರು ಕಾಲಿಗೆ ಬಲ ಕೊಡುವದಿಲ್ಲ. ಇದ್ದ ಬಲ ವ್ಯರ್ಥವಾಗದಂತೆ ನೋಡಿಕೊಳ್ಳುತ್ತದೆ.

ಗಿಯರು ಹಚ್ಚಿದವನು ಗಂಡಸಲ್ಲವೆಂಬ ಮಾತು ನಮ್ಮ ಜಾತ್ರೆಗಳಲ್ಲಿ ಈಗಲೂ ಕೇಳಿಬರುತ್ತದೆ. ಈ ಹಟ ನಮ್ಮದಷ್ಟೇ ಅಲ್ಲ. ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಶರ್ಯತ್ತು 1903ರಲ್ಲಿ ಆರಂಭವಾಯಿತು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರಿಗೆ ಅಲ್ಲಿಯ ಎಲ್ಲ ಸವಾರರಿಗೂ ಅನುಮತಿ ಸಿಕ್ಕದ್ದು 1937ರಲ್ಲಿ. ಆ ಮೇಲೆ ಗೆದ್ದವರನ್ನು ಯಾರೂ ಹೇಡಿಗಳೆನ್ನಲಿಲ್ಲ.

ಆಗ ಶ್ರೀಮಂತರ ವಸ್ತುವಾಗಿದ್ದ ಡಿರೇಲರು ನಮ್ಮಂಥವರ ತನಕ ಬಂದದ್ದು ಹೇಗೆ? ಜಪಾನಿನ ಸನ್‌ಟೂರ್ ಸಂಸ್ಥೆಯವರು 1964ರಲ್ಲಿ ಡಿರೇಲರನ್ನು ಓರೆಯಾಗಿ ಸರಿಯುವಂತೆ ರಚಿಸಿದರು. ಅದರಿಂದ ಅದು ಸಣ್ಣ ಚಕ್ರಕ್ಕೂ ದೊಡ್ಡ ಚಕ್ರಕ್ಕೂ ಸಮೀಪದಲ್ಲಿಯೇ ನಡೆಯುವಂತಾಯಿತು. ಇಪ್ಪತ್ತು ವರ್ಷ ಆ ಹಕ್ಕು ಅವರದೇ ಆಗಿತ್ತು. 1980ರ ದಶಕದ ನಡುವೆ ಪೇಟೆಂಟು ಮುಗಿಯುತ್ತಲೇ ಉಳಿದವರೂ ಅದೇ ರಚನೆಯನ್ನು ಎತ್ತಿಕೊಂಡರು. ಅದೇ ಹೊತ್ತಿಗೆ ಶಿಮಾನೋ ಸಂಸ್ಥೆ, ಕೈಯಂದಾಜಿನಿಂದ ಎಳೆಯುವ ಬದಲು ಒಂದೊಂದು ‘ಟಿಕ್’ ಸಪ್ಪಳಕ್ಕೆ ಒಂದೊಂದು ಗಿಯರು ಬೀಳುವ ಶಿಫ್ಟರನ್ನು ತಂದಿತು. 1990ರಲ್ಲಿ ಅದು ಬ್ರೇಕಿನ ಹಿಡಿಕೆಯಲ್ಲಿಯೇ ಸೇರಿಕೊಂಡಿತು. ಅಂದು ಅತ್ಯುತ್ತಮ ದರ್ಜೆಯ ಸವಾರರಿಗೆ ಮಾತ್ರ ದೊರೆತದ್ದು ಇಂದು ಕೆಳಗಿನ ದರ್ಜೆಯ ಸೈಕಲ್ಲಿನಲ್ಲಿಯೂ ಇದೆ. ಅಗ್ಗವಾದದ್ದೆಲ್ಲ ಕೀಳಲ್ಲ; ಕೆಲವೊಮ್ಮೆ ಹಳೆಯ ಉತ್ತಮವೇ ಇಂದಿನ ಅಗ್ಗ.

ಈಗ ಆಯ್ಕೆಯ ಮಾತು. ಶಿಮಾನೋದವರ ಟೂರ್ನಿ ಹಿಂದೆ ಏಳು ಚಕ್ರದ್ದು, ಕ್ಲಾರಿಸ್ ಎಂಟರದು, ಸೋರಾ ಒಂಬತ್ತರದು, ಟಿಯಾಗ್ರಾ ಹತ್ತರದು. ತೈವಾನಿನ ಮೈಕ್ರೋಶಿಫ್ಟ್, ಚೀನದ ಸೆನ್ಸಾ, ಎಲ್‌ಟೂ ಎಂಬವೂ ಇವೆ. ಎಂಟು ಚಕ್ರದ್ದು ನಮಗೆ ಸಾಕು, ಅಷ್ಟೇ ಅಲ್ಲ, ನಮಗೆ ಅದೇ ಮೇಲು ಎಂಬದು ನನ್ನ ಅಭಿಪ್ರಾಯ. ಕಾರಣ ಸರಳ. ಎಂಟರ ಗುಂಪಿನಲ್ಲಿ ಒಂದು ಚಕ್ರದ ನಡುವಿನಿಂದ ಇನ್ನೊಂದರ ನಡುವಿಗೆ 4.8 ಮಿಲಿಮೀಟರ್ ಅಂತರ. ಹತ್ತರಲ್ಲಿ ಅದು 3.95ಕ್ಕೆ ಇಳಿಯುತ್ತದೆ. ಎಂಟರ ಶಿಫ್ಟರು ಕೇಬಲನ್ನು ಸುಮಾರು 2.8 ಮಿಲಿಮೀಟರ್ ಎಳೆದರೆ ಡಿರೇಲರು ಅದರ 1.7 ಪಟ್ಟು ಸರಿದು ಮುಂದಿನ ಚಕ್ರಕ್ಕೆ ಮುಟ್ಟುತ್ತದೆ. ಅಂತರ ಹೆಚ್ಚಿದ್ದಷ್ಟೂ ಸಣ್ಣ ತಪ್ಪು ನುಂಗಿಹೋಗುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಎರೆಮಣ್ಣು ಚೆಲ್ಲುತ್ತ ಹೋಗುವ ನಮ್ಮ ರಸ್ತೆಗಳಲ್ಲಿ ಈ ಕ್ಷಮಾಗುಣ ದೊಡ್ಡದು. ಒಂದೇ ಎಚ್ಚರಿಕೆ: ಒಂದು ಸಂಸ್ಥೆಯ ಶಿಫ್ಟರಿಗೆ ಇನ್ನೊಂದರ ಡಿರೇಲರನ್ನು ವಿಚಾರಿಸದೆ ಜೋಡಿಸಬಾರದು. ಎಳೆತದ ಲೆಕ್ಕ ಬೇರೆಯಾದರೆ ಚೈನು ಎರಡು ಚಕ್ರಗಳ ನಡುವೆ ತ್ರಿಶಂಕುವಾಗುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಎರಡು ವರ್ಷದ ಹಿಂದೆ ಎಂಟು ಸಾವಿರಕ್ಕೆ ಒಂದು ಹಳೆಯ ಗಿಯರ್ ಸೈಕಲ್ಲು ಕೊಂಡಿದ್ದೆ. ಮೊದಲ ಮಳೆಗಾಲ ಮುಗಿಯುತ್ತಲೇ ಚೈನು ದೊಡ್ಡ ಚಕ್ರಕ್ಕೆ ಏರುತ್ತಿತ್ತು, ಇಳಿಯುವಾಗ ಮಾತ್ರ ತಡೆಯುತ್ತಿತ್ತು. ಒಂದು ಅಂಗಡಿಯಲ್ಲಿ ತೋರಿಸಿದಾಗ ಶಿಫ್ಟರು, ಡಿರೇಲರು ಎರಡೂ ಹೋಗಿವೆ, ಹೊಸವೇ ಬೇಕು ಎಂದರು. ಅವರು ಹೇಳಿದ ಬೆಲೆ ಕೇಳಿ ಸೈಕಲ್ಲನ್ನು ಮೂಲೆಗೆ ಹಚ್ಚಿದೆ.

ನಮ್ಮ ಅಪ್ಪ ಬನಹಟ್ಟಿಯಲ್ಲಿ ನೇಕಾರ. ಜೀವಮಾನದಲ್ಲಿ ಗಿಯರ್ ಸೈಕಲ್ಲು ಹತ್ತಿದವನಲ್ಲ. ಒಂದು ಸಂಜೆ ಕರೆಂಟು ಹೋಗಿ ಮಗ್ಗ ನಿಂತಾಗ ಹಿಂದಿನ ಗಾಲಿ ಎತ್ತಿ ಹಿಡಿದು ಪೈಡಲ್ಲು ತಿರುವಿದ, ಶಿಫ್ಟರು ಒತ್ತಿದ, ಕಣ್ಣು ಮುಚ್ಚಿ ಕೇಳಿದ. ಲಾಳಿಯ ಸಪ್ಪಳದಿಂದ ಮಗ್ಗದ ರೋಗ ಹೇಳುವ ಕಿವಿ ಅದು. “ಎಳಿಯಾಗ ತಪ್ಪಿಲ್ಲೋ ತಮ್ಮಾ, ಎಳಿ ಹೋಗೋ ಹಾದ್ಯಾಗ ತಪ್ಪೈತಿ” ಎಂದ. ಕೇಬಲಿನ ಹೊರಕವಚ ಬಿಚ್ಚಿ ನೋಡಿದರೆ ಒಳಗೆ ತುಕ್ಕು, ಕೆಸರು. ಕೇಬಲು ಬಿಗಿಯಾದಾಗ ಡಿರೇಲರು ಎಳೆಸಿಕೊಳ್ಳುತ್ತಿತ್ತು; ಸಡಿಲಾದಾಗ ಸ್ಪ್ರಿಂಗಿನ ಬಲ ಆ ತುಕ್ಕನ್ನು ಗೆಲ್ಲಲಾರದಾಗಿತ್ತು. ಹೊಸ ಕೇಬಲು, ಹೊಸ ಕವಚ. ಕೆಲವು ನೂರು ರೂಪಾಯಿ. ಡಿರೇಲರಿನ ಹಿಂದಿನ ತಿರುಪನ್ನು ಅರ್ಧ ಅರ್ಧ ಸುತ್ತು ತಿರುಗಿಸಿ ಹದಕ್ಕೆ ತಂದೆವು. ಇಂದಿಗೂ ಅದೇ ಶಿಫ್ಟರು, ಅದೇ ಡಿರೇಲರು.

ಯಂತ್ರದ ದೋಷವನ್ನು ಕಣ್ಣು ಕಿವಿಗಳಿಂದ ಹಿಡಿಯಲು ಬರುವಂತಿದ್ದರೆ ಅದು ಬಡವನ ಯಂತ್ರ. ಬ್ಯಾಟರಿ ಗಿಯರು ಕೆಟ್ಟರೆ ಅಪ್ಪನ ಕಿವಿ ಏನು ಮಾಡೀತು?

ರಿಮ್ ಬ್ರೇಕಿನ ಕಾಲ ಮುಗಿಯಿತಲ್ಲ ಎಂದು ಗೆಳೆಯರು ಕೇಳುತ್ತಾರೆ. ದೊಡ್ಡ ಶರ್ಯತ್ತುಗಳಲ್ಲಿ ಡಿಸ್ಕ್ ಬ್ರೇಕೇ ತುಂಬಿರುವದು ನಿಜ. ಮಳೆಯಲ್ಲಿ ರಿಮ್ಮು ತೊಯ್ದಾಗ ಮೊದಲ ಹಿಡಿತಕ್ಕೆ ಬ್ರೇಕು ಜಾರುವದೂ ನಿಜ. ರಬ್ಬರಿನಲ್ಲಿ ಹರಳು ಸಿಕ್ಕಿಕೊಂಡರೆ ರಿಮ್ಮನ್ನೇ ಕೆರೆಯುವದೂ ನಿಜ. ಆದರೆ ನಮ್ಮಲ್ಲಿ ಘಟ್ಟದ ಇಳಿಜಾರುಗಳಿಲ್ಲ, ಮಳೆಯ ದಿನಗಳೂ ಕಡಿಮೆ. ರಬ್ಬರನ್ನು ಒರೆಸಿ, ಸವೆದಾಗ ಬದಲಿಸಿದರೆ ಬಯಲುಸೀಮೆಗೆ ಅದು ಧಾರಾಳ ಸಾಕು. ಡಿಸ್ಕಿನ ಕಡೆ ಹೊರಳಿದವರು ಬಿಟ್ಟ ಒಳ್ಳೆಯ ರಿಮ್ ಬ್ರೇಕಿನ ಸೈಕಲ್ಲುಗಳು ಅಗ್ಗಕ್ಕೆ ಸಿಗುವ ಕಾಲವೂ ಇದೇ. ಮೇಲಿನ ಹಂತಕ್ಕೆ ಹೋದವರಿಗೆ ಮುಂದೆ ಉತ್ತಮ ಸೈಕಲ್ಲು ಬೇಕಾಗಬಹುದು. ಮೊದಲ ಮೆಟ್ಟಿಲಿಗೇ ಅದನ್ನು ಕೇಳುವದು ಅನ್ಯಾಯ.

ಆದ್ದರಿಂದ ಕಾಲೇಜಿನ ಜಿಮಖಾನಾದವರಲ್ಲಿ ನನ್ನ ವಿನಂತಿ: ಹಿಂದೆ ಎಂಟು ಚಕ್ರದ, ರಿಮ್ ಬ್ರೇಕಿನ ಎರಡು ಹಳೆಯ ಸೈಕಲ್ಲುಗಳನ್ನು ಕೊಳ್ಳಿರಿ. ಒಂದು ಪೆಟ್ಟಿಗೆಯಲ್ಲಿ ಪಾನಾಗಳು, ಕೇಬಲು, ಚೈನು, ಬ್ರೇಕಿನ ರಬ್ಬರು ಇಡಿರಿ. ಎಲ್ಲರೂ ಒಂದೇ ಅಳತೆಯನ್ನು ಆರಿಸಿಕೊಂಡರೆ ಒಬ್ಬನ ಸಾಮಾನು ಇನ್ನೊಬ್ಬನಿಗೆ ಒದಗುತ್ತದೆ. ವಾರಕ್ಕೊಂದು ಗಂಟೆ ದುರಸ್ತಿ ಕಲಿಸಲು ನಾನು ಸಿದ್ಧ. ನನಗೆ ಬಾರದ್ದಕ್ಕೆ ಅಪ್ಪನನ್ನು ಕರೆತರುವೆ. ಇದು ಆಗದ ಮಾತೆಂದು ಯಾರೂ ಹೇಳಬಾರದು. ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರು ತಮ್ಮ ಹಣ, ತಮ್ಮ ಶ್ರಮ ಹಾಕಿ 1989ರಲ್ಲಿ ಬ್ಯಾರೇಜು ಕಟ್ಟಿದ್ದು ನಮ್ಮ ಜಮಖಂಡಿ ಸೀಮೆಯಲ್ಲಿಯೇ. ಹೊಳೆಗೆ ಅಡ್ಡಗಟ್ಟಿದ ಜನರ ಮಕ್ಕಳಿಗೆ ಒಂದು ಪಾನಾ ಪೆಟ್ಟಿಗೆ ಭಾರವೇ?

ಹೋದ ತಿಂಗಳು ನನ್ನ ಸೈಕಲ್ಲನ್ನು ಆ ಗೆಳತಿಯ ಮುಂದೆ ನಿಲ್ಲಿಸಿ, ಅಂದು ನಾನು ಹೇಳಿದ್ದು ತಪ್ಪೆಂದೆ. ಆಕೆ ಶಿಫ್ಟರನ್ನು ಎರಡು ಸಲ ಒತ್ತಿ ನೋಡಿದಳು. “ಇಷ್ಟ ಏನು?” ಎಂದು ಕೇಳಿದಳು. ಇಷ್ಟೇ ಎಂದೆ. ಸೀಟನ್ನು ತಗ್ಗಿಸಿಕೊಂಡು ಮೈದಾನದ ಸುತ್ತ ನಾಲ್ಕು ಸುತ್ತು ಹಾಕಿ ಬಂದಳು. ಈ ವರ್ಷದ ಹೆಸರಿನ ಪಟ್ಟಿ ಇನ್ನೂ ಮುಚ್ಚಿಲ್ಲ.