ಕಿತ್ತಳೆ ಕಸಿ: ಕಣ್ಣು ಯಾವ ಮರದ್ದು?

ಮುಂಗಾರು ಹತ್ತಿರವಾದಂತೆ ಕಿತ್ತಳೆ ಸಸಿ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ಬೆಳೆಗಾರ ಬಂಧುಗಳು ವಿಚಾರಿಸತೊಡಗುತ್ತಾರೆ. ಕಸಿಯ ಕಣ್ಣನ್ನು ಯಾವ ಮರದಿಂದ ತೆಗೆದದ್ದು ಎಂದು ಕೇಳುವವರು ವಿರಳ. ಮೊದಲು ಕೇಳಬೇಕಾದ್ದು ಅದನ್ನೇ.

ಕಾಫಿಯ ನಡುವಿನ ನಮ್ಮ ಹಳೆಯ ಕಿತ್ತಳೆ ಮರಗಳು ಹೆಚ್ಚಾಗಿ ಬೀಜದ ಸಸಿಯವು. ಕಸಿ ಗಿಡ ಅದಕ್ಕಿಂತ ಬೇಗ ಫಲಕ್ಕೆ ಬರುತ್ತದೆ, ಮುಳ್ಳೂ ಕಡಿಮೆ. ರಂಗಪುರ ನಿಂಬೆಯ ಬೇರುಗಿಡ ಟ್ರಿಸ್ಟೆಜಾ ಎಂಬ ನಂಜುರೋಗವನ್ನು ತಾಳಿಕೊಳ್ಳುತ್ತದೆ. ಇವೆಲ್ಲ ನಿಜ. ಆದರೆ ಕಸಿ ಗಿಡಕ್ಕೆ ರೋಗವೇ ಇಲ್ಲವೆಂಬ ಮಾತು ನಿಜವಲ್ಲ. ಟ್ರಿಸ್ಟೆಜಾ ಬೀಜದಿಂದ ಹರಡದು, ಕಸಿಯ ಕಣ್ಣಿನಿಂದ ಹರಡುತ್ತದೆ. ಗ್ರೀನಿಂಗ್ ರೋಗವೂ ಕಣ್ಣಿನೊಡನೆ ಬರುತ್ತದೆ. ಅದರ ಎಲೆಯ ಹಳದಿ ಮಚ್ಚೆ ಸತುವಿನ ಕೊರತೆಯಂತೆಯೇ ಕಾಣುವುದರಿಂದ ಬರಿಗಣ್ಣಿಗೆ ಮೋಸವಾಗುತ್ತದೆ. ರೋಗದ ಒಂದು ಮರದಿಂದ ನೂರು ಕಣ್ಣು ತೆಗೆದರೆ ಬೀಜದ ಸಸಿಯಲ್ಲಿ ಇಲ್ಲದ ಪೀಡೆಯನ್ನು ನಾವೇ ಹಣ ಕೊಟ್ಟು ನೂರು ಗುಂಡಿಗೆ ಹಂಚಿದಂತೆ.

ಬ್ರೆಜಿಲ್ ದೇಶದಲ್ಲಿ 1930 ಮತ್ತು 1940ರ ದಶಕಗಳಲ್ಲಿ ಹುಳಿ ಕಿತ್ತಳೆಯ ಬೇರಿನ ಮೇಲಿದ್ದ ಲಕ್ಷಾಂತರ ಮರಗಳು ಟ್ರಿಸ್ಟೆಜಾದಿಂದ ಸತ್ತವು. ಅಲ್ಲಿಯವರು ರಂಗಪುರ ನಿಂಬೆಯನ್ನು ನಂಬಿದರು. 2000ದ ಆಸುಪಾಸಿನಲ್ಲಿ ಆ ಬೇರಿನ ಗಿಡಗಳಿಗೇ ಹಠಾತ್ತಾಗಿ ಸಾಯುವ ಹೊಸ ರೋಗ ತಗಲಿತು. ಒಂದೇ ಬೇರನ್ನು ನೆಚ್ಚಿ ಕೂರುವಂತಿಲ್ಲ ಎಂದಾಯಿತು. 2003ರಿಂದ ಅಲ್ಲಿನ ಸಾವೊ ಪೌಲೊ ರಾಜ್ಯದಲ್ಲಿ ಕೀಟ ನುಸುಳದ ಬಲೆಮನೆಯಲ್ಲೇ ಸಸಿ ಬೆಳೆಸಬೇಕೆಂಬ ನಿಯಮ ಬಂದಿದೆ.

ನಮ್ಮಲ್ಲಿ ಹಸಿರುಮನೆ ಎಂದು ಕರೆಯುವ ಎಷ್ಟೋ ಚಪ್ಪರಗಳಿಗೆ ಇರುವುದು ಬರಿಯ ನೆರಳುಬಲೆ. ಅದು ಬಿಸಿಲನ್ನು ತಡೆದೀತು. ಟ್ರಿಸ್ಟೆಜಾ ಒಯ್ಯುವ ಸಸ್ಯಹೇನನ್ನಾಗಲಿ, ಗ್ರೀನಿಂಗ್ ಒಯ್ಯುವ ಸಿಲ್ಲಾ ಕೀಟವನ್ನಾಗಲಿ ತಡೆಯದು. ಸಣ್ಣ ಕಣ್ಣಿನ ಬಲೆ, ಒಂದರ ಹಿಂದೊಂದು ಎರಡು ಬಾಗಿಲು, ಪರೀಕ್ಷೆಯಾದ ತಾಯಿಗಿಡಗಳು, ಯಾವ ಸಸಿಗೆ ಯಾವ ತಾಯಿಗಿಡದ ಕಣ್ಣು ಎಂಬ ದಾಖಲೆ ಪುಸ್ತಕ, ಇಷ್ಟು ಬೇಕು. ಇದು ಒಬ್ಬ ಸಣ್ಣ ಬೆಳೆಗಾರನಿಂದ ಆಗುವ ಕೆಲಸವಲ್ಲ. ಸಂಘದಿಂದ ಆದೀತು. ಸಸಿಯ ಬೆಲೆ ಏರುತ್ತದೆ, ಏರಲಿ. ಎರಡು ಎಕರೆಯವನಿಗೆ ನಷ್ಟವಾಗುವುದು ಸಸಿಯ ದುಡ್ಡಲ್ಲ, ಫಲಕ್ಕಾಗಿ ಕಾದ ವರ್ಷಗಳು.

ಈಗಾಗಲೇ ಸಸಿ ತಂದವರು ಕಸಿ ಗಂಟನ್ನು ಮಣ್ಣಿನಲ್ಲಿ ಹೂಳಬಾರದು, ಬುಡ ಕೊಳೆಯುತ್ತದೆ. ಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟಬೇಕು. ಕಿತ್ತಳೆ ನೆಟ್ಟರೆ ಹುಳಿ ನಿಂಬೆ ಬಿಟ್ಟಿತೆಂಬ ದೂರು ಬರುವುದು ಹೆಚ್ಚಾಗಿ ಆ ಚಿಗುರಿನಿಂದ. ಬಲೆಮನೆಯ ಪ್ರಸ್ತಾಪವನ್ನು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಇಡಬೇಕೆಂದು ಆಡಳಿತ ಮಂಡಳಿಯಲ್ಲಿ ವಿನಂತಿ.